ಬಾವು ಇಳಿದರೂ ಹಾಲು ಇಳಿಯದು, ಏಕೆ?

ಕೆಚ್ಚಲು ಬಾವು ಬಂದ ಹಸು ಮದ್ದಿನಿಂದ ಗುಣವಾದ ಬಳಿಕವೂ ಆ ಮೊಲೆಯಲ್ಲಿ ಹಾಲು ಮೊದಲಿನಷ್ಟು ಇಳಿಯದಿರುವುದು ಹಸು ಸಾಕುವ ಅನೇಕರ ಅನುಭವ. ಕಣ್ಣು ತಾಗಿತೆನ್ನುವವರೂ ಮದ್ದು ಸರಿಯಿಲ್ಲವೆಂದು ದೂರುವವರೂ ಉಂಟು. ನಿಜವಾದ ಕಾರಣ ಕೆಚ್ಚಲಿನೊಳಗೇ ಇದೆ. ನಮ್ಮ ಮೃಗಾಸ್ಪತ್ರೆಗಳಲ್ಲಿ ಮಲೆಯಾಳದಲ್ಲಿ ‘ಅಕಿಡುವೀಕ್ಕಂ’ ಎಂದು ಹೇಳುವ ಕಾಯಿಲೆ ಇದೇ.

ಹಸುವಿನ ಕೆಚ್ಚಲಿನಲ್ಲಿ ನಾಲ್ಕು ಪ್ರತ್ಯೇಕ ಭಾಗಗಳಿವೆ. ಪ್ರತಿಯೊಂದರಲ್ಲಿಯೂ ಬರಿಗಣ್ಣಿಗೆ ಸರಿಯಾಗಿ ಕಾಣದ ಅಸಂಖ್ಯ ಪುಟ್ಟ ಚೀಲಗಳು. ಇವುಗಳ ಒಳಮೈಯಲ್ಲಿ ಒಂದೇ ಸಾಲಾಗಿರುವ ಜೀವಕೋಶಗಳು ರಕ್ತದಿಂದ ಸತ್ತ್ವವನ್ನು ಹೀರಿ ಹಾಲನ್ನು ತಯಾರಿಸುತ್ತವೆ. ಒಂದು ಲೀಟರ್ ಹಾಲಿಗಾಗಿ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನಲ್ಲಿ ಹರಿಯಬೇಕಾಗುತ್ತದೆ.

ಮೊಲೆಯ ತುದಿಯ ರಂಧ್ರದಿಂದ ಒಳಹೊಗುವ ಬ್ಯಾಕ್ಟೀರಿಯಾಗಳು ತಮ್ಮ ವಿಷದಿಂದ ಈ ಕೋಶಗಳನ್ನು ಕೆಡಿಸುತ್ತವೆ. ಅವುಗಳಲ್ಲಿ ಎರಡು ಮುಖ್ಯವಾದವು.

ಮೊದಲನೆಯದು ಸ್ಟೆಫಿಲೊಕಾಕಸ್ ಆರಿಯಸ್. ದ್ರಾಕ್ಷಿ ಗೊಂಚಲಿನಂತೆ ಕಾಣುವುದರಿಂದ ಸ್ಟೆಫಿಲೊಕಾಕಸ್ ಎಂಬ ಹೆಸರನ್ನು 1882ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೊಟ್ಟರು. ಇದು ಹೊರಬಿಡುವ ಆಲ್ಫಾ ವಿಷದ ಏಳು ಅಣುಗಳು ಬಳೆಯಂತೆ ಒಂದುಗೂಡಿ ಕೋಶದ ಪೊರೆಯಲ್ಲಿ ತೂತು ಕೊರೆಯುತ್ತವೆ. ಒಳಗಿನ ಲವಣ ಹೊರಕ್ಕೆ ಸೋರಿ, ಕೋಶ ಸಾಯುತ್ತದೆ. ವಿಷ ಅತಿಯಾದರೆ ರಕ್ತನಾಳಗಳೂ ಮುಚ್ಚಿ, ಮೊಲೆ ತಣ್ಣಗಾಗಿ, ನೀಲಿಗಟ್ಟಿ ಕೊಳೆಯುವುದುಂಟು.

ಎರಡನೆಯದು ಸೆಗಣಿಯಲ್ಲಿರುವ ಇ. ಕೋಲಿ. ಇದರ ವಿಷ ಅದರ ಹೊರಗೋಡೆಯಲ್ಲೇ ಇದೆ. ಬ್ಯಾಕ್ಟೀರಿಯಾ ಒಡೆದಾಗ ಹೊರಬರುತ್ತದೆ. ಆಗ ಹಸುವಿನ ಬಿಳಿ ರಕ್ತಕಣಗಳು ಕೆಚ್ಚಲಿಗೆ ನುಗ್ಗುತ್ತವೆ. ಅವು ಸುರಿಸುವ ದ್ರವ್ಯಗಳಿಂದ ಶತ್ರುವಿನೊಡನೆ ಹಾಲಿನ ಕೋಶಗಳೂ ನಾಶವಾಗುತ್ತವೆ. ಕೆಲವೇ ಗಂಟೆಗಳಲ್ಲಿ ಹಾಲು ನೀರಾಗಿ, ಜ್ವರ ಬಂದು, ಹಸು ಮೇವು ಬಿಡುತ್ತದೆ. ಪ್ರಾಣಕ್ಕೂ ಅಪಾಯವಿದೆ.

ಮದ್ದು ರೋಗಾಣುವನ್ನು ಕೊಲ್ಲಬಲ್ಲುದು; ಸತ್ತ ಕೋಶವನ್ನು ಬದುಕಿಸಲಾರದು. ಕೋಶಗಳು ಹೆಚ್ಚಾಗಿ ನಾಶವಾದಲ್ಲಿ ಗಾಯದ ಕಲೆಯಂತಹ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಅದು ಹಾಲು ಕೊಡದು. ಸೊಸೈಟಿಗೆ ಹಾಲು ಹಾಕಿ ಮನೆವಾರ್ತೆ ತೂಗಿಸುವ ಒಂದೆರಡು ಹಸುಗಳ ಮನೆಗೆ ಒಂದು ಮೊಲೆ ಬತ್ತುವುದೂ ಸಣ್ಣ ನಷ್ಟವಲ್ಲ.

ಆದುದರಿಂದ ಬಾವು ಕಣ್ಣಿಗೆ ಕಾಣುವ ತನಕ ಕಾಯಬಾರದು. ಪ್ರತಿ ಸಲ ಮೊದಲ ಕೆಲವು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಪಾತ್ರೆಗೆ ಕರೆದು ನೋಡಬೇಕು. ಗರಣೆ, ರಕ್ತ ಅಥವಾ ನೀರುನೀರು ಕಂಡರೆ ಅಂದೇ ಪಶುವೈದ್ಯರಿಗೆ ತಿಳಿಸಬೇಕು. ಆ ಹಾಲನ್ನು ಹಟ್ಟಿಯಲ್ಲಿ ಚೆಲ್ಲಬಾರದು. ಕಾಯಿಸಿ ಕುಡಿಯಲೂ ಬಾರದು. ಕುದಿಸಿದರೆ ರೋಗಾಣು ಸಾಯಬಹುದು, ಆದರೆ ಅದರ ಕೆಲವು ವಿಷಗಳು ಉಳಿಯುತ್ತವೆ. ಮದ್ದನ್ನು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ವೈದ್ಯರು ಹೇಳಿದ ಅವಧಿ ಮುಗಿಯುವ ತನಕ ಹಾಲನ್ನು ಮಾರಬಾರದು.

ಕರೆದ ಬಳಿಕ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮೊಲೆಯ ರಂಧ್ರ ಸರಿಯಾಗಿ ಮುಚ್ಚಿರುವುದಿಲ್ಲ. ಆಗ ಮೇವು ಹಾಕಿದರೆ ಹಸು ಸೆಗಣಿಯ ಮೇಲೆ ಮಲಗದೆ ನಿಂತಿರುತ್ತದೆ. ಮಳೆಗಾಲದಲ್ಲಿ ಹಟ್ಟಿಯ ಒದ್ದೆ ಸೊಪ್ಪನ್ನು ಆಗಾಗ ತೆಗೆಯಬೇಕು. ಆರೋಗ್ಯವಂತ ಹಸುವನ್ನು ಮೊದಲು, ರೋಗವಿರುವುದನ್ನು ಕೊನೆಗೆ, ಕೈ ತೊಳೆದು ಕರೆಯಬೇಕು. ಪತ್ರಿಕೆ ಓದುವವರು ಇದಿಷ್ಟನ್ನು ಮನೆಯಲ್ಲಿ ಹಾಲು ಕರೆಯುವವರಿಗೆ ಓದಿ ಹೇಳಿದರೆ ಎಷ್ಟೋ ಕೆಚ್ಚಲುಗಳು ಉಳಿದಾವು.