ಮಗು ಪಕ್ಕದಲ್ಲಿರಲಿ, ಹಾಸಿಗೆ ಬೇರೆಯಿರಲಿ

ಕೆಲವು ತಿಂಗಳ ಹಿಂದೆ ಇಪ್ಪತ್ತು ದಿನದ ಬಾಣಂತಿಯೊಬ್ಬಳು ತನ್ನ ತಾಯಿಯೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದಳು. ಮಗು ಆರೋಗ್ಯವಾಗಿತ್ತು. ತಕರಾರು ಇದ್ದದ್ದು ಮಗು ಮಲಗುವ ಜಾಗದ ಬಗ್ಗೆ. ಸೌದಿಯಲ್ಲಿರುವ ಮಗುವಿನ ತಂದೆ ಮಂಚದ ಪಕ್ಕಕ್ಕೆ ಜೋಡಿಸುವ ಪುಟ್ಟ ತೊಟ್ಟಿಲೊಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದರು. ಅದನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ.

"ನಾಲ್ಕು ಮಕ್ಕಳನ್ನು ನನ್ನ ಮಗ್ಗುಲಲ್ಲೇ ಮಲಗಿಸಿ ದೊಡ್ಡವರನ್ನು ಮಾಡಿದ್ದೇನೆ. ಹಸುಗೂಸನ್ನು ತಾಯಿಯಿಂದ ದೂರ ಮಲಗಿಸೋದು ಯಾವ ನ್ಯಾಯ, ಡಾಕ್ಟರ್ ಆಪಾ?" ಎಂದು ನಾನಿ ಕೇಳಿದರು.

"ರಾತ್ರಿ ಎಲ್ಲಿ ಮಗುವಿನ ಮೇಲೆ ಹೊರಳಿಬಿಡ್ತೀನೋ ಅಂತ ನನಗೆ ನಿದ್ದೆಯೇ ಬರೋದಿಲ್ಲ" ಎಂದಳು ಮಗಳು.

ಇಬ್ಬರ ಮಾತೂ ಸರಿಯೇ. ಮಗು ತಾಯಿಯ ಹತ್ತಿರವೇ ಇರಬೇಕು. ಆದರೆ ಅದು ಮಲಗುವ ಹಾಸಿಗೆ ಅದರದ್ದೇ ಆಗಿರಬೇಕು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ನನ್ನ ಹಿರಿಯ ಮಗಳಿಗೆ ಎರಡೂವರೆ ತಿಂಗಳಾಗಿದ್ದಾಗ ರಮಝಾನ್ ಬಂದಿತ್ತು. ಸಹರಿಯ ಅಡುಗೆಗೆ ಏಳುವಾಗ ಮಗುವನ್ನು ನಮ್ಮ ಮಂಚದ ಮೇಲೆಯೇ ಬಿಟ್ಟು, ಬೀಳದಿರಲೆಂದು ಎರಡೂ ಬದಿಗೆ ದಿಂಬು ಇಟ್ಟು ಹೋಗುತ್ತಿದ್ದೆ. ಒಂದು ದಿನ ಏನನ್ನೋ ತರಲು ಕೋಣೆಗೆ ಬಂದಾಗ ದಿಂಬು ಅವಳ ಮುಖದ ಮೇಲೆ ವಾಲಿತ್ತು. ಅಳುವಿನ ಸದ್ದೇ ಇರಲಿಲ್ಲ. ಎತ್ತಿಕೊಂಡೆ. ಮುಖ ಕೆಂಪಾಗಿ ಬೆವತಿತ್ತು, ಕ್ಷಣ ಕಳೆದು ಅತ್ತಳು. ಅಲ್ಹಮ್ದುಲಿಲ್ಲಾಹ್, ಇಂದು ಅವಳು ಕಾಲೇಜಿಗೆ ಹೋಗುತ್ತಿದ್ದಾಳೆ. ವೈದ್ಯಕೀಯ ಪದವಿ ಪಡೆದ ತಾಯಿಯೇ ಹೀಗೆ ತಪ್ಪಿದ್ದಳು. ಉಸಿರು ಕಟ್ಟಿದ ಮಗು ಕೂಗಿ ಕರೆಯುವುದಿಲ್ಲ ಎಂಬುದನ್ನು ಅಂದು ನಾನು ಅರಿತೆ.

ಹತ್ತಿರವೂ ಬೇಕು, ಪ್ರತ್ಯೇಕವೂ ಬೇಕು

ಹುಟ್ಟಿದ ಮಗುವಿಗೆ ತಲೆ ಎತ್ತುವ, ಮುಖದ ಮೇಲೆ ಬಿದ್ದ ಬಟ್ಟೆಯನ್ನು ಸರಿಸುವ ಶಕ್ತಿ ಇರುವುದಿಲ್ಲ. ಮೂಗು ಮೆತ್ತನೆಯ ಹಾಸಿಗೆಯಲ್ಲಿ ಹುದುಗಿದರೆ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆರೋಗ್ಯವಾಗಿದ್ದ ಮಕ್ಕಳು ನಿದ್ದೆಯಲ್ಲೇ ತೀರಿಹೋಗುವ ಘಟನೆಗಳು ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ, ಅದರಲ್ಲೂ ಒಂದರಿಂದ ನಾಲ್ಕು ತಿಂಗಳ ನಡುವೆ ನಡೆಯುತ್ತವೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ತನ್ನ ಸಲಹೆಗಳನ್ನು ಪರಿಷ್ಕರಿಸಿತು. ಮಗು ಕನಿಷ್ಠ ಆರು ತಿಂಗಳ ಕಾಲ ತಂದೆತಾಯಿಯ ಕೋಣೆಯಲ್ಲೇ, ಅವರ ಹಾಸಿಗೆಯ ಹತ್ತಿರ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಬೇಕು ಎಂದು ಅದು ಹೇಳುತ್ತದೆ. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಎಂದು ಅದು ಹೇಳಿಲ್ಲ ಎಂಬುದನ್ನು ಗಮನಿಸಿ. ತಾಯಿ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಮಗು ಇದ್ದರೆ ಹಾಲೂಡಿಸುವುದು ಸುಲಭ, ಉಸಿರಿನ ಸದ್ದು ಕೇಳುತ್ತದೆ, ಬದಲಾವಣೆ ಕೂಡಲೇ ತಿಳಿಯುತ್ತದೆ. ತಾಯಿಯ ಹಾಲು ಕೂಡ ಈ ಅಪಾಯವನ್ನು ಕಡಿಮೆ ಮಾಡುತ್ತದೆ.

ಅಂಗಾತ ಮಲಗಿಸಿ

ರಾತ್ರಿಯಾಗಲಿ ಹಗಲಾಗಲಿ, ಪ್ರತಿ ಬಾರಿಯೂ ಮಗುವನ್ನು ಅಂಗಾತ, ಅಂದರೆ ಬೆನ್ನಿನ ಮೇಲೆ ಮಲಗಿಸಿ. ಅಮೆರಿಕದಲ್ಲಿ 1994ರಲ್ಲಿ ಈ ಬಗ್ಗೆ ದೊಡ್ಡ ಪ್ರಚಾರಾಂದೋಲನ ಆರಂಭವಾಯಿತು. ನಂತರದ ವರ್ಷಗಳಲ್ಲಿ ಅಲ್ಲಿ ಹಠಾತ್ ಶಿಶು ಮರಣಗಳು ಅರ್ಧದಷ್ಟು ಇಳಿದವು.

"ಹಾಲು ಕಕ್ಕಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ?" ಎಂದು ಹಲವರು ಕೇಳುತ್ತಾರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಕಕ್ಕಿದ ಹಾಲು ಮೇಲೇರಿ ಶ್ವಾಸನಾಳಕ್ಕೆ ಹೋಗುವುದು ಕಷ್ಟ. ಬೋರಲು ಮಲಗಿದಾಗಲೇ ಶ್ವಾಸನಾಳ ಕೆಳಗಾಗುತ್ತದೆ.

ಬಲ ಮಗ್ಗುಲಿಗೆ ಮಲಗುವುದು ಸುನ್ನತ್ ಎಂಬ ಪ್ರೀತಿಯಿಂದ ಕೆಲವರು ಹಸುಗೂಸನ್ನೂ ಬಲಕ್ಕೆ ತಿರುಗಿಸಿ, ಬೆನ್ನಿಗೆ ದಿಂಬು ಒತ್ತಿ ಮಲಗಿಸುತ್ತಾರೆ. ಮಗ್ಗುಲಾಗಿ ನಿಲ್ಲುವ ಬಲ ಆ ಮೈಗೆ ಇನ್ನೂ ಬಂದಿರುವುದಿಲ್ಲ. ಸ್ವಲ್ಪ ಅಲುಗಿದರೂ ಬೋರಲಾಗುತ್ತದೆ. ಮಗು ಬೆಳೆಯಲಿ, ಮಲಗುವ ಶಿಷ್ಟಾಚಾರಗಳನ್ನು ಕಲಿಸಲು ಬೇಕಾದಷ್ಟು ಸಮಯವಿದೆ.

ದಿಂಬು ಬೇಡ, ಸಾಸಿವೆ ದಿಂಬೂ ಬೇಡ

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಅಂಗೈಯಿಂದ ಒತ್ತಿ ಕೈ ತೆಗೆಯಿರಿ. ಗುಳಿ ಹಾಗೇ ಉಳಿದರೆ ಅದು ಮಗುವಿಗೆ ತಕ್ಕದ್ದಲ್ಲ. ಮೇಲೆ ಬಿಗಿಯಾಗಿ ಹೊದಿಸಿದ ಹತ್ತಿಯ ಬಟ್ಟೆಯೊಂದು ಸಾಕು. ದಿಂಬು, ರಜಾಯಿ, ಸುತ್ತ ಕಟ್ಟುವ ಮೆತ್ತೆ, ಗೊಂಬೆ ಯಾವುದೂ ಬೇಡ.

ತಲೆ ದುಂಡಗಾಗಲೆಂದು ಸಾಸಿವೆ ದಿಂಬು ಇಡುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಅದರಿಂದ ಕುತ್ತಿಗೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಕಿರಿದಾಗಬಹುದು. ಹೊಲಿಗೆ ಬಿಚ್ಚಿದರೆ ಕಾಳು ಬಾಯಿಗೆ ಹೋಗಬಹುದು. ತಲೆ ಚಪ್ಪಟೆಯಾಗುವ ಭಯವಿದ್ದರೆ ಒಂದು ದಿನ ಈ ಕಡೆಗೆ, ಮರುದಿನ ಆ ಕಡೆಗೆ ತಲೆ ಮಾಡಿ ಮಲಗಿಸಿ. ಎಚ್ಚರವಾಗಿದ್ದಾಗ, ನಿಮ್ಮ ಕಣ್ಣೆದುರಿನಲ್ಲಿ, ಸ್ವಲ್ಪ ಹೊತ್ತು ಬೋರಲು ಆಡಿಸಿ.

ಇಲ್ಲಿ ನನ್ನ ಶಾಸ್ತ್ರದ ಬಗ್ಗೆಯೂ ಒಂದು ಮಾತು. ಇಬ್ನ್ ಸೀನಾ (980-1037) ತಮ್ಮ 'ಅಲ್ ಖಾನೂನ್ ಫಿತ್ತಿಬ್' ಗ್ರಂಥದಲ್ಲಿ ಹಸುಗೂಸು ಮಲಗುವ ಕೋಣೆಯ ಬಗ್ಗೆ ಬರೆದಿದ್ದಾರೆ. ಅದು ಹದವಾದ ಬಿಸುಪಿನದಾಗಿರಬೇಕು, ಕಣ್ಣು ಕುಕ್ಕುವ ಬೆಳಕು ಇರಬಾರದು, ಮಲಗಿಸುವಾಗ ಮಗುವಿನ ಕುತ್ತಿಗೆ ಮತ್ತು ಕೈಕಾಲು ತಿರುಚಿಕೊಳ್ಳಬಾರದು ಎಂದಿದ್ದಾರೆ. ಸಾವಿರ ವರ್ಷದ ಮೇಲೂ ಇದು ಒಪ್ಪುವ ಮಾತು. ಆದರೆ ತಲೆ ಮೈಗಿಂತ ಎತ್ತರದಲ್ಲಿರಲಿ ಎಂದೂ ಅವರು ಹೇಳಿದ್ದಾರೆ. ಇದನ್ನು ನಾನು ಇಂದು ಯಾವ ತಾಯಿಗೂ ಹೇಳುವುದಿಲ್ಲ. ಇಳಿಜಾರಿನಲ್ಲಿ ಮಲಗಿದ ಮಗುವಿನ ಗಲ್ಲ ಎದೆಗೆ ತಾಗಿ ಉಸಿರು ಕಟ್ಟಬಹುದು. ಇಳಿಜಾರಿನ ಒಂದು ಬಗೆಯ ಶಿಶು ಹಾಸಿಗೆಯನ್ನು ಅಮೆರಿಕದಲ್ಲಿ 2019ರಲ್ಲಿ ಮಕ್ಕಳ ಸಾವುಗಳ ಕಾರಣಕ್ಕೆ ಮಾರುಕಟ್ಟೆಯಿಂದ ವಾಪಸ್ ಪಡೆಯಲಾಯಿತು. ಅಷ್ಟರಲ್ಲಿ ಅವು ಸುಮಾರು 47 ಲಕ್ಷ ಮಾರಾಟವಾಗಿದ್ದವು. ಹಿರಿಯರನ್ನು ಗೌರವಿಸುವುದೆಂದರೆ ಅವರಂತೆಯೇ ಗಮನಿಸಿ ನೋಡುವುದು. ಹೊಸದಾಗಿ ತಿಳಿದದ್ದಕ್ಕೆ ಕಣ್ಣು ಮುಚ್ಚುವುದಲ್ಲ.

ಪಕ್ಕದ ತೊಟ್ಟಿಲು ಕೊಳ್ಳುವವರಿಗೆ

ಮಂಚಕ್ಕೆ ಜೋಡಿಸುವ ತೊಟ್ಟಿಲಿನ ಒಂದು ಬದಿ ತಗ್ಗಾಗಿರುತ್ತದೆ ಅಥವಾ ತೆರೆದಿರುತ್ತದೆ. ಅನುಕೂಲ ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ.

ಅದರ ಪಟ್ಟಿಗಳನ್ನು ಮಂಚದ ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ. ತೊಟ್ಟಿಲಿಗೂ ನಿಮ್ಮ ಹಾಸಿಗೆಗೂ ನಡುವೆ ಸಂದಿ ಉಳಿಯಬಾರದು. ಸಂದಿಗೆ ಬಟ್ಟೆ, ದಿಂಬು ತುರುಕಿ ಮುಚ್ಚುವುದು ಪರಿಹಾರವಲ್ಲ. ಪ್ರತಿ ರಾತ್ರಿ ಮಲಗುವ ಮುನ್ನ ಒಮ್ಮೆ ಎಳೆದು ನೋಡಿ. ನಿಮ್ಮ ಮಂಚದ ಎತ್ತರಕ್ಕೆ ಅದು ಹೊಂದದಿದ್ದರೆ ಪಕ್ಕದ ಬದಿಯನ್ನು ಮೇಲಕ್ಕೆತ್ತಿ ಭದ್ರಪಡಿಸಿ, ಬೇರೆ ತೊಟ್ಟಿಲಿನಂತೆಯೇ ಮಂಚದ ಪಕ್ಕ ಇಟ್ಟುಕೊಳ್ಳಿ.

ಜೊತೆಗೆ ಬಂದ ಹಾಸಿಗೆ ತೆಳ್ಳಗಿದೆಯೆಂದು ಮೇಲೊಂದು ಮೆತ್ತೆ ಹಾಕಬೇಡಿ. ಹಾಸಿಗೆಯ ಅಂಚಿಗೂ ತೊಟ್ಟಿಲಿನ ಗೋಡೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಒಂದು ಬದಿ ಎತ್ತರಿಸುವ ವ್ಯವಸ್ಥೆ ಇದ್ದರೂ ಬಳಸಬೇಡಿ. ನಿಮ್ಮ ಹೊದಿಕೆ, ದುಪಟ್ಟಾ ಆ ಕಡೆ ಜಾರದಂತೆ ನೋಡಿಕೊಳ್ಳಿ. ಮಗು ಹೊರಳಲು ಅಥವಾ ಕೈಯೂರಿ ಏಳಲು ಶುರುಮಾಡಿದ ದಿನವೇ ಅದನ್ನು ನಿಲ್ಲಿಸಿ, ಎತ್ತರದ ಕಟಾಂಜನವಿರುವ ತೊಟ್ಟಿಲಿಗೆ ಬದಲಿಸಿ.

ಹಣ ಇಲ್ಲದಿದ್ದರೂ ಸುರಕ್ಷತೆ ಇದೆ

ಸಾವಿರಾರು ರೂಪಾಯಿ ಕೊಡಲಾಗದವರು ಬೇಸರಪಡಬೇಕಿಲ್ಲ. ನೆಲದ ಮೇಲೆ ಮಲಗುವ ಮನೆಗಳಲ್ಲಿ ತಾಯಿಯ ಹಾಸಿಗೆಯಿಂದ ಒಂದು ಮೊಳ ದೂರದಲ್ಲಿ ಚಾಪೆ ಹಾಸಿ, ಕೌದಿಯನ್ನು ಸಮನಾಗಿ, ಗಟ್ಟಿಯಾಗಿ ಮಡಚಿ ಹಾಕಿ, ಮೇಲೆ ಬಟ್ಟೆ ಬಿಗಿದರೆ ಮಗುವಿನ ಹಾಸಿಗೆ ಸಿದ್ಧ. ಅದು ಗೋಡೆಗೆ, ಬೀರುವಿಗೆ ತಾಗಿರಬಾರದು. ಇರುವೆ, ಇಲಿಯ ಕಾಟವಿದ್ದರೆ ಅಗಲವಾದ ತಗ್ಗು ಹಲಗೆಯ ಮೇಲೆ ಹಾಸಿ. ಸೊಳ್ಳೆಪರದೆ ಬಿಗಿಯಾಗಿರಲಿ, ಮುಖಕ್ಕೆ ತಾಗುವಂತೆ ಜೋಲಾಡುವುದು ಬೇಡ.

ಅಜ್ಜಿಯ ಕಾಲದ ಕಲಘಟಗಿ ತೊಟ್ಟಿಲು ಮನೆಯಲ್ಲಿದ್ದರೆ ಅದೂ ಒಳ್ಳೆಯದೇ. ಅದರ ತಳ ಹಲಗೆಯದು, ಸಮತಟ್ಟು. ಸರಪಳಿ ಮತ್ತು ಕೊಂಡಿ ಸವೆದಿವೆಯೇ ನೋಡಿ. ಕಂಬಿಗಳ ನಡುವಿನ ಅಂತರ ಆರು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ರಾತ್ರಿ ನಿದ್ದೆಗೆ ಬಳಸುವಾಗ ತೂಗಾಡದಂತೆ ನಿಲ್ಲಿಸಿ, ತೂಗುಹಾಕಿದ ಆಟಿಕೆಗಳನ್ನು ತೆಗೆಯಿರಿ.

ಸೀರೆಯ ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತುತ್ತದೆ, ಬಟ್ಟೆ ಮುಖವನ್ನು ಮುಚ್ಚುತ್ತದೆ. ತೂಗಿ ಸಮಾಧಾನಪಡಿಸುವುದಿದ್ದರೆ ಅದರ ಪಕ್ಕದಲ್ಲೇ ಕುಳಿತಿರಿ. ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಗೆ ವರ್ಗಾಯಿಸಿ.

ಹಾಲೂಡಿಸುತ್ತಾ ನಿದ್ದೆ ಹತ್ತಿದರೆ

ನಡುರಾತ್ರಿ ಮಲಗಿಕೊಂಡೇ ಹಾಲೂಡಿಸುವಾಗ ತಾಯಿಗೆ ಜೊಂಪು ಹತ್ತುವುದು ಸಹಜ. ಅದಕ್ಕಾಗಿ ಯಾರೂ ಅವಳನ್ನು ಬೈಯಬಾರದು. ಎಚ್ಚರವಾದ ಕೂಡಲೇ ಮಗುವನ್ನು ಅದರ ಹಾಸಿಗೆಗೆ ಸರಿಸಿದರೆ ಸಾಕು. ಆದರೆ ಸೋಫಾ ಅಥವಾ ಆರಾಮ ಕುರ್ಚಿಯಲ್ಲಿ ಮಗುವನ್ನು ಹಿಡಿದು ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯಕಾರಿ. ನಿದ್ದೆ ಬರುವ ಹಾಗಿದ್ದರೆ ಸೋಫಾಕ್ಕಿಂತ, ದಿಂಬು ಹೊದಿಕೆ ಸರಿಸಿದ ಹಾಸಿಗೆಯೇ ಮೇಲು.

ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಕವಿದ್ದರೆ, ತಂದೆ ಅಥವಾ ತಾಯಿ ಬೀಡಿ ಸಿಗರೇಟು ಸೇದುವವರಾಗಿದ್ದರೆ, ತಾಯಿ ನಿದ್ದೆ ತರುವ ನೆಗಡಿಯ ಅಥವಾ ನೋವಿನ ಮಾತ್ರೆ ಸೇವಿಸುತ್ತಿದ್ದರೆ ಒಂದೇ ಹಾಸಿಗೆಯಲ್ಲಿ ಮಲಗಲೇಬಾರದು. ದೊಡ್ಡ ಮಕ್ಕಳನ್ನೂ ಹಸುಗೂಸಿನ ಪಕ್ಕ ಮಲಗಿಸಬೇಡಿ.

ಹೊಗೆ, ಕೆಂಡ ಮತ್ತು ದಾರ

ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಮಂಚದ ಬಳಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಲೋಬಾನ ಹಾಕುವ ಮನೆಗಳು ಇನ್ನೂ ಇವೆ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಾಯಿ ಮತ್ತು ಮಗು ಇಬ್ಬರ ಜೀವಕ್ಕೂ ಅದು ಕುತ್ತು. ಮಲಗುವಾಗ ಮನೆಯಲ್ಲಿ ಬೆಂಕಿ ಉರಿಯಲು ಬಿಡಬಾರದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಲೋಬಾನ ಬೇಕೆನಿಸಿದರೆ ಮಗುವಿಲ್ಲದ ಕೋಣೆಯಲ್ಲಿ ಹಾಕಿ. ಸೊಳ್ಳೆ ಬತ್ತಿಯ ಬದಲು ಪರದೆ ಬಳಸಿ.

ಮಗುವಿಗೆ ನಮಗಿಂತ ಒಂದು ಪದರ ಬಟ್ಟೆ ಹೆಚ್ಚಿದ್ದರೆ ಸಾಕು. ಕೈಕಾಲು ತಣ್ಣಗಿರುವುದು ಸಾಮಾನ್ಯ. ಕುತ್ತಿಗೆಯ ಹಿಂಭಾಗ ಅಥವಾ ಹೊಟ್ಟೆ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ಕಡಿಮೆ ತೂಕದ ಮಗುವಿನ ವಿಷಯದಲ್ಲಿ ಟೋಪಿ, ಬೆಚ್ಚಗಿನ ಬಟ್ಟೆಯ ಬಗ್ಗೆ ಆಸ್ಪತ್ರೆಯವರು ಹೇಳಿದಂತೆ ಮಾಡಿ. ಕೊರಳಲ್ಲಿ ದಾರ, ಸರ, ತಾಯಿತ ಕಟ್ಟಿ ಮಲಗಿಸಬೇಡಿ. ಬಟ್ಟೆಗೆ ಪಿನ್ನೂ ಬೇಡ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ತೂಕ ನೋಡಿದ ಮೇಲೆ ಅವರಿಗೆ ಮಗು ಮಲಗುವ ಜಾಗವನ್ನೂ ತೋರಿಸಿ. ಮಲಗಿದ ಮಗು ನೀಲಿಗಟ್ಟಿದರೆ, ಉಸಿರಾಟ ನಿಂತು ನಿಂತು ಬಂದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ.

ಆ ನಾನಿ ಮತ್ತೆ ಬಂದದ್ದು ಮಗುವಿನ ನಲವತ್ತು ದಿನ ಕಳೆದ ಮೇಲೆ. ತೊಟ್ಟಿಲನ್ನು ಬಿಚ್ಚಿ ಜೋಡಿಸಿದ್ದರಂತೆ. "ರಾತ್ರಿ ಮೂರು ಸಲ ಎದ್ದು ಪಟ್ಟಿ ಎಳೆದು ನೋಡೋದು ಈಗ ನನ್ನ ಕೆಲಸ" ಎಂದರು. ಮಗಳು ಪಕ್ಕದಲ್ಲಿ ನಗುತ್ತಿದ್ದಳು. ಅವಳ ಕಣ್ಣ ಕೆಳಗಿನ ಕಪ್ಪು ಸ್ವಲ್ಪ ತಿಳಿಯಾಗಿತ್ತು.