ತಂಪಿನ ಕಸುಬು

ಕಲಬುರಗಿಯ ಬೇಸಗೆಯನ್ನು ಉಂಡವರೇ ಬಲ್ಲರು. ಅಲ್ಲಿ ನಮ್ಮ ಅಕ್ಕನ ಮನೆಯ ಏರ್ ಕಂಡಿಷನರಿಗೆ ಮೂರು ವರ್ಷ ಸತತವಾಗಿ, ವ್ರತದಂತೆ, ಏಪ್ರಿಲ್ ತಿಂಗಳಿನಲ್ಲಿ ಗ್ಯಾಸ್ ತುಂಬಿಸಲಾಗುತ್ತಿತ್ತು. ನಾಲ್ಕನೆಯ ವರ್ಷ ಬಂದ ಮೆಕ್ಯಾನಿಕ್ ಇಪ್ಪತ್ತೆರಡು ದಾಟದ ತರುಣ. “ಗ್ಯಾಸ್ ಖರ್ಚಾಗಂಗಿಲ್ಲರಿ ಅಕ್ಕಾರ, ಸೋರ್ತದ. ಮೊದಲ ತೂತು ಎಲ್ಲದ ನೋಡ್ತೀನಿ” ಎಂದ.

ಆತ ಕೊಳವೆಯೊಳಕ್ಕೆ ಒತ್ತಡದಿಂದ ನೈಟ್ರೋಜನ್ ಹಾಯಿಸಿ, ಜಾಯಿಂಟುಗಳಿಗೆ ಸಾಬೂನಿನ ನೀರು ಹಚ್ಚಿದ. ಒಂದೆಡೆ ಗುಳ್ಳೆಯೆದ್ದಿತು. ಅದನ್ನು ಸರಿಪಡಿಸಿ, ಕೊಳವೆಯಲ್ಲಿದ್ದ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಎಳೆದುಹಾಕಿ, ಕೊನೆಗೆ ಗ್ಯಾಸನ್ನು ತೂಗಿ ತುಂಬಿದ. ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದವನು ನನ್ನ ಸೋದರಳಿಯ, ಎಸ್.ಎಸ್.ಎಲ್.ಸಿ.ಯನ್ನು ಸಾಧಾರಣ ಅಂಕಗಳಿಂದ ದಾಟಿದ್ದ ಹುಡುಗ. ಅಂದು ರಾತ್ರಿ ಊಟಕ್ಕೆ ಕುಳಿತಾಗ “ನಾನೂ ಇದೇ ಕೆಲಸ ಕಲೀತೀನಿ” ಎಂದುಬಿಟ್ಟ. ಮಗನನ್ನು ಎಂಜಿನಿಯರನನ್ನಾಗಿ ಕಾಣಬಯಸಿದ್ದ ಭಾವನವರ ತುತ್ತು ಕೈಯಲ್ಲಿಯೇ ಉಳಿಯಿತು. “ನೀನರ ಬುದ್ಧಿ ಹೇಳು” ಎಂದು ನನ್ನತ್ತ ತಿರುಗಿದರು.

ಕನ್ನಡ ಪಾಠ ಹೇಳುವ ನಾನು ಬುದ್ಧಿ ಹೇಳುವ ಮೊದಲು ವಿಷಯವನ್ನು ತಿಳಿಯಬೇಕಾಯಿತು. ತಿಳಿದದ್ದನ್ನು ಇಂಥದೇ ಪ್ರಶ್ನೆಯಿರುವ ಮನೆಗಳಿಗಾಗಿ ಇಲ್ಲಿ ಒಪ್ಪಿಸುತ್ತಿದ್ದೇನೆ.

ಈ ವಿದ್ಯೆ ಹುಟ್ಟಿದ್ದು ಮನುಷ್ಯನ ಸುಖಕ್ಕಾಗಿ ಅಲ್ಲ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ, ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವನ್ನು ರೂಪಿಸಿದವನು ವಿಲ್ಲಿಸ್ ಕ್ಯಾರಿಯರ್. ಆಗ ಅವನ ವಯಸ್ಸು 25. ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತೊಯ್ದು ಹೊರಗೆ ಚೆಲ್ಲುತ್ತದೆ. ನಾವು ‘ಒಂದು ಟನ್’ ಎನ್ನುವುದು ಯಂತ್ರದ ತೂಕವನ್ನಲ್ಲ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸಲು ಬೇಕಾಗುವಷ್ಟು ಶಾಖವನ್ನು ಹೊರಹಾಕುವ ಶಕ್ತಿಯನ್ನು.

ಕಲಿಯುವ ದಾರಿ ದೂರದ್ದಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐ.ಟಿ.ಐ.ಗಳಲ್ಲಿ, ಹತ್ತನೆಯ ತರಗತಿ ಮುಗಿಸಿದವರಿಗೆ ಇದರ ಎರಡು ವರ್ಷಗಳ ಶಿಕ್ಷಣವಿದೆ. ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆಯುತ್ತ ಕಾರ್ಖಾನೆಯಲ್ಲೋ ಕಂಪನಿಯಲ್ಲೋ ಪಳಗಬಹುದು. ಅಂಗಡಿಯೊಂದರಲ್ಲಿ ಸಹಾಯಕನಾಗಿ ಸೇರಿ ಕಲಿತವರೂ ಅನೇಕರಿದ್ದಾರೆ. ಆದರೆ ಏಕೆ ಎಂದು ಕೇಳದೆ ಕೈಚಳಕವನ್ನಷ್ಟೇ ಕಲಿತವನು ಸೋರುವ ಯಂತ್ರಕ್ಕೆ ವರ್ಷವರ್ಷವೂ ಗ್ಯಾಸ್ ತುಂಬುತ್ತಲೇ ಇರುತ್ತಾನೆ.

ಇಲ್ಲಿ ಅಜ್ಞಾನಕ್ಕೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲ. ಸೋರಿಕೆಯನ್ನು ಪರೀಕ್ಷಿಸಲು ನೈಟ್ರೋಜನ್ ಬದಲಿಗೆ ಆಮ್ಲಜನಕವನ್ನು ಬಳಸಿದರೆ, ಅದು ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸಿಡಿಯಬಹುದು. ವಿದ್ಯುತ್ತನ್ನು ಕಡಿದ ಮೇಲೂ ಕೆಪಾಸಿಟರಿನಲ್ಲಿ ಆಘಾತ ಅಡಗಿರುತ್ತದೆ. ಓಜೋನ್ ಪದರಕ್ಕೆ ಹಾನಿಮಾಡುವ ಅನಿಲಗಳನ್ನು ತ್ಯಜಿಸಲು 1987ರ ಮಾಂಟ್ರಿಯಲ್ ಒಪ್ಪಂದ ದಾರಿ ತೋರಿತು. ಅವುಗಳ ಸ್ಥಾನಕ್ಕೆ ಬಂದ ಆರ್-32 ಮತ್ತು ಆರ್-290 ಬೆಂಕಿ ಹಿಡಿಯಬಲ್ಲವು. ಇನ್ನು ನಾಲ್ಕನೆಯ ಅಂತಸ್ತಿನ ಹೊರಗೋಡೆಗೆ ಸುರಕ್ಷತಾ ಬೆಲ್ಟಿಲ್ಲದೆ ಇಳಿಯುವವನನ್ನು ಧೀರನೆನ್ನಬಾರದು. ಬೆಲ್ಟು ಕಟ್ಟುವ ತನಕ ಅವನನ್ನು ತಡೆದು ನಿಲ್ಲಿಸುವುದು ಮನೆಯ ಯಜಮಾನನ ಧರ್ಮವೂ ಹೌದು.

ಮನೆಗಳ ಕೆಲಸ ಬೇಸಗೆಯಲ್ಲಿ ಉಕ್ಕಿ, ಮಳೆಗಾಲದಲ್ಲಿ ಇಳಿಯುತ್ತದೆ. ಆಸ್ಪತ್ರೆ, ಹಾಲಿನ ಡೇರಿ, ಔಷಧ ದಾಸ್ತಾನು, ಶೈತ್ಯಾಗಾರಗಳ ಕೆಲಸ ಬಲ್ಲವನಿಗೆ ಮಾತ್ರ ವರ್ಷವಿಡೀ ದುಡಿಮೆಯುಂಟು. ಅಲ್ಲಿ ಅವನ ಒಂದು ತಪ್ಪಿಗೆ ಲಸಿಕೆ ಕೆಟ್ಟೀತು, ಹಾಲು ಒಡೆದೀತು.

ಇದನ್ನೆಲ್ಲ ಭಾವನವರಿಗೆ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಜನ ಏನಂತಾರ?” ಎಂದರು. ಉತ್ತರ ಕೊಟ್ಟವಳು ಅಕ್ಕ: “ಮೂರು ವರ್ಷ ರೊಕ್ಕ ತೊಗೊಂಡು ಹೋದವರಿಗೆ ಜನ ಏನಂದ್ರು? ಈ ಹುಡುಗ ಖರೇ ಹೇಳಿದ.”

ಸೋದರಳಿಯನ ಅರ್ಜಿಗೆ ಭಾವನವರೇ ಸಹಿ ಹಾಕಿದರು. ಮರುವರ್ಷದ ಏಪ್ರಿಲ್ ಬಂದಿತು, ಹೋಯಿತು. ಅಕ್ಕನ ಮನೆಯ ಯಂತ್ರಕ್ಕೆ ಗ್ಯಾಸ್ ತುಂಬಿಸುವ ಪ್ರಮೇಯ ಬರಲಿಲ್ಲ.