ಅಡುಗೆಕಟ್ಟೆಗೆ ಸನ್‌ಮೈಕಾ: ಕೊಯ್ಯುವ ಮುನ್ನ ತಿಳಿಯಬೇಕಾದುದು

ಶಿರಾಲಿಯಂಥ ಕರಾವಳಿಯ ಊರುಗಳಲ್ಲಿ ಅಡುಗೆಕಟ್ಟೆಯೆಂದರೆ ಕಲ್ಲುಹಾಸೇ ಎಂಬ ಭಾವನೆ ಬೇರೂರಿದೆ. ಅದು ಅಕಾರಣವೇನಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢದಲ್ಲಿ ಉಬ್ಬಿ ಮುಚ್ಚಲಾರದ ಬಾಗಿಲು ಮಾಘದಲ್ಲಿ ಸಡಿಲವಾಗುವುದನ್ನು ಕಾಣದವರಾರು? ಆದರೂ ಹಗುರವಾದ, ಒರೆಸಿದೊಡನೆ ಶುಚಿಯಾಗುವ ಸನ್‌ಮೈಕಾ ಹಾಳೆಯನ್ನು ಪ್ಲೈವುಡ್ಡಿಗೆ ಅಂಟಿಸಿ, ಆಚಾರಿಗಾಗಿ ಕಾಯದೆ ತಾವೇ ಕಟ್ಟೆಯನ್ನು ಮಾಡಿಕೊಳ್ಳಬಯಸುವವರುಂಟು. ಗರಗಸ ಹಿಡಿಯುವ ಮೊದಲು ಅವರು ಆ ಹಾಳೆಯ ಸ್ವಭಾವವನ್ನರಿಯುವುದು ಅಗತ್ಯ.

ಹೆಸರಿನಲ್ಲಿ ಮೈಕಾ ಇದ್ದರೂ ಇದರಲ್ಲಿ ಅಭ್ರಕವು ಎಳ್ಳಷ್ಟೂ ಇಲ್ಲ. ಇದು ಕಾಗದ ಮತ್ತು ರಾಳಗಳ ಕೂಟ. 1912-13ರ ಸುಮಾರಿಗೆ ಅಮೆರಿಕದ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓಕಾನರ್ ಎಂಬ ಇಂಜಿನಿಯರರು, ವಿದ್ಯುತ್ ಯಂತ್ರಗಳಲ್ಲಿ ನಿರೋಧಕವಾಗಿ ಬಳಸುತ್ತಿದ್ದ ಅಭ್ರಕಕ್ಕೆ ಬದಲಿಯಾಗಿ ಇಂಥ ವಸ್ತುವನ್ನು ರೂಪಿಸಿದರು. ‘ಮೈಕಾಕ್ಕೆ ಬದಲು’ ಎಂಬರ್ಥದ ಫಾರ್ಮೈಕಾ ಎಂಬ ಹೆಸರು ಹುಟ್ಟಿದುದು ಹೀಗೆ. ಫೀನಾಲ್ ರಾಳದಲ್ಲಿ ನೆನೆಸಿದ ಕಂದು ಕಾಗದದ ಪದರಗಳ ಮೇಲೆ ಮೆಲಮೈನ್ ರಾಳ ಹೀರಿದ ಬಣ್ಣದ ಕಾಗದವನ್ನಿಟ್ಟು, ಕಾಯಿಸುತ್ತ ಭಾರಿ ಒತ್ತಡದಲ್ಲಿ ಅಮುಕಿದಾಗ ಎಲ್ಲವೂ ಒಂದಾಗಿ ಸುಮಾರು 1 ಮಿಲಿಮೀಟರ್ ದಪ್ಪದ ಹಾಳೆಯಾಗುತ್ತದೆ. ಅದರ ಬಣ್ಣದ ಮುಖ ಗಡಸು. ಆದರೆ ಗಾಜಿನಂತೆ ಪೆಡಸು.

ಪೆಡಸು ವಸ್ತುವನ್ನು ಕೊಯ್ಯುವಾಗ ಗರಗಸದ ಹಲ್ಲು ಒಳಹೊಗುವ ಬದಿಯ ಅಂಚು ನಯವಾಗಿರುತ್ತದೆ. ಹಲ್ಲು ಹೊರಬೀಳುವ ಬದಿಯಲ್ಲಿ ಆಸರೆಯಿಲ್ಲದ ಕಾರಣ ಚಕ್ಕೆಗಳು ಏಳುತ್ತವೆ. ಆದುದರಿಂದ ತಳ್ಳುವಾಗ ಕೊಯ್ಯುವ ಕೈಗರಗಸಕ್ಕೆ ಬಣ್ಣದ ಮುಖ ಮೇಲಿರಬೇಕು. ಕೈಯಲ್ಲಿ ಹಿಡಿದು ಓಡಿಸುವ ವಿದ್ಯುತ್ ಚಕ್ರಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಅಲ್ಲಿ ಬಣ್ಣದ ಮುಖ ಕೆಳಗಿರಬೇಕು. ಜಿಗ್‌ಸಾದ ಸಾಮಾನ್ಯ ಅಲಗಿಗೂ ಇದೇ ನಿಯಮ. ಹಲ್ಲು ಸಣ್ಣದಾಗಿದ್ದಷ್ಟೂ, ಹಾಳೆಯ ಅಡಿಗೆ ಹಲಗೆಯ ಆಸರೆ ಇದ್ದಷ್ಟೂ ಅಂಚು ಚೆನ್ನ.

ಇನ್ನು ಮಳೆಗಾಲದ ಮಾತು. ಕಾಗದದ ನಾರು ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ತೇವದಲ್ಲಿ ಹಿಗ್ಗಿದ ಹಾಳೆಯನ್ನು ಹಾಗೆಯೇ ಅಂಟಿಸಿದರೆ ಬೇಸಿಗೆಯಲ್ಲಿ ಅದು ಕುಗ್ಗಲು ಹವಣಿಸುತ್ತದೆ, ಅಂಟು ಬಿಡಲೊಲ್ಲದು. ಆ ಸೆಳೆತವೆಲ್ಲ ಸಿಂಕಿಗಾಗಿ ಕೊರೆದ ರಂಧ್ರದ ಚೂಪು ಮೂಲೆಗಳಲ್ಲಿ ಒಟ್ಟುಗೂಡಿ, ಅಲ್ಲಿಂದ ಬಿರುಕು ಹೊರಡುತ್ತದೆ. ಆ ಬಿರುಕಿನಿಂದ ಇಳಿದ ನೀರು ಒಳಗಿನ ಹಲಗೆಯನ್ನು ಕೊಳೆಯಿಸಿದಾಗ ಇಡೀ ಕಟ್ಟೆಯೇ ವ್ಯರ್ಥ. ಇದಕ್ಕೆ ಪರಿಹಾರ ಸರಳ. ಮೊದಲು ನಾಲ್ಕು ಮೂಲೆಗಳಲ್ಲಿ ದುಂಡನೆಯ ರಂಧ್ರ ಕೊರೆದು, ಅನಂತರ ಅವುಗಳನ್ನು ಸೇರಿಸುವಂತೆ ಕೊಯ್ಯಬೇಕು. ಮೂಲೆ ದುಂಡಾದರೆ ಸೆಳೆತ ಹಂಚಿಹೋಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮಳೆ ಬಿಟ್ಟ ತಿಂಗಳನ್ನು ಆರಿಸಿ, ಹಾಳೆಯನ್ನೂ ಹಲಗೆಯನ್ನೂ ಎರಡು ದಿನ ಒಂದೇ ಕೋಣೆಯಲ್ಲಿರಿಸಿ. ಹಲಗೆ, 72 ಗಂಟೆ ಕುದಿಸಿದರೂ ಪದರ ಬಿಡದ ಐಎಸ್ 710 ಗುರುತಿನ ಪ್ಲೈವುಡ್ ಆಗಿರಲಿ. ಹಾಳೆಯನ್ನು ಸುತ್ತಲೂ 3 ಮಿಲಿಮೀಟರ್ ಹೆಚ್ಚಿಗೆ ಕೊಯ್ದು ಅಂಟಿಸಿ, ಹೆಚ್ಚಾದುದನ್ನು ಅರದಿಂದ ಕೆಳಮುಖವಾಗಿ ಉಜ್ಜಿ ತೆಗೆಯಿರಿ. ಹಲಗೆ ಬಾಗದಂತೆ ಅಡಿಬದಿಗೂ ಒಂದು ಅಗ್ಗದ ಹಾಳೆ ಹಚ್ಚುವುದು ಲೇಸು. ಕೊಯ್ದ ಪ್ರತಿಯೊಂದು ಅಂಚಿಗೂ ನೀರಿಳಿಯದ ಲೇಪ ಬೇಕು.

ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇಲ್ಲದೆ ಗರಗಸ ಮುಟ್ಟಬಾರದು. ಒದ್ದೆ ಕೈಯಲ್ಲಿ ವಿದ್ಯುತ್ ಉಪಕರಣವನ್ನಂತೂ ಕೂಡದು. ಒಲೆಯಿಂದಿಳಿಸಿದ ಬಿಸಿ ಪಾತ್ರೆ ಈ ಹಾಳೆಯನ್ನು ಬೊಬ್ಬೆಯೇಳಿಸುವುದರಿಂದ, ಒಲೆಯ ಬಳಿ ಕಲ್ಲನ್ನೇ ಉಳಿಸಿಕೊಂಡು, ತರಕಾರಿ ಹೆಚ್ಚುವೆಡೆಗೆ, ಅದರ ಮೇಲೊಂದು ಮಣೆಯಿಟ್ಟು, ಸನ್‌ಮೈಕಾ ಹಾಸುವುದೇ ವಿವೇಕವೆಂದು ನಮ್ಮ ಅಭಿಪ್ರಾಯ.